ಗಿರಾಕಿಯ ಕಣ್ಣು, ಕಂಪನಿಯ ಗೆಲುವು

ತೀರ್ಪುಗಳನ್ನು ವಕೀಲರಷ್ಟೇ ಓದಬೇಕೆಂದೇನೂ ಇಲ್ಲ. ಕತೆ ಬರೆಯುವ ನಮಗೂ ಕೆಲವು ತೀರ್ಪುಗಳಲ್ಲಿ ಕಲಿಯುವುದಿದೆ. ಪಾರ್ಲೆ ಪ್ರಾಡಕ್ಟ್ಸ್ ಮತ್ತು ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ನಡುವಿನ ಬಿಸ್ಕತ್ತಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1972ರಲ್ಲಿ ನೀಡಿದ ತೀರ್ಪು ಅಂಥದ್ದು.

ಪಾರ್ಲೆಯ ‘ಗ್ಲುಕೋ’ ಬಿಸ್ಕತ್ತಿನ ಹೊದಿಕೆಯ ಮೇಲೆ ಹಳ್ಳಿಯ ಅಂಗಳ, ನಡುವೆ ನೀರು ಹೊತ್ತ ಹುಡುಗಿ, ಸುತ್ತ ಹಸು, ಕೋಳಿ. ಮೈಸೂರಿನವರ ‘ಗ್ಲುಕೋಸ್’ ಬಿಸ್ಕತ್ತಿನ ಮೇಲೂ ಹುಡುಗಿ, ಹಸು, ಕೋಳಿ. ಇವಳ ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು. ಕೆಳ ನ್ಯಾಯಾಲಯವೂ ಮೈಸೂರು ಹೈಕೋರ್ಟೂ ಪಾರ್ಲೆಯ ದಾವೆಯನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟು ಒಪ್ಪಿತು. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದಲ್ಲ. ಇಂದು ಒಂದನ್ನು ಕಂಡವರು ಇನ್ನೊಂದು ದಿನ ಮತ್ತೊಂದನ್ನು ಅದೇ ಎಂದುಕೊಂಡಾರೇ ಎಂದು ನೋಡಬೇಕು. ಸಾಮಾನ್ಯ ಗಿರಾಕಿಗೆ ಷರ್ಲಾಕ್ ಹೋಮ್ಸನ ಕಣ್ಣಿರುವುದಿಲ್ಲ ಎಂದಿತು.

ಈ ಮಾತಿನ ಸತ್ಯ ಅರಿಯಲು ಯಾದಗಿರಿಯ ಕಿರಾಣಿ ಅಂಗಡಿ, ಸುರಪುರದ ಸಂತೆ ಸಾಕು. ಅಕ್ಷರ ಬಾರದ ತಾಯಿ ‘ಆ ಹಳದಿ ಪುಡಾ ಕೊಡ್ರಿ’ ಎನ್ನುತ್ತಾಳೆ. ಬಣ್ಣವೇ ಅವಳ ಅಕ್ಷರ. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನನ್ನು ಕಾಣುವವರೂ ಬಂಡೆಗಳನ್ನು ಎಣಿಸುವುದಿಲ್ಲ. ಒಟ್ಟು ಆಕಾರವನ್ನೇ ನೋಡುತ್ತಾರೆ.

ಆದರೆ ಕತೆಯಾಗಿ ಓದಿದಾಗ ಒಂದು ಕೊರತೆ ಕಾಡುತ್ತದೆ. ಅಳತೆಗೋಲಾದದ್ದು ಗಿರಾಕಿಯ ಕಣ್ಣು, ಗೆದ್ದದ್ದು ಕಂಪನಿ. ಮೋಸಹೋಗಬಹುದಾದ ಆ ತಾಯಿ ಇಲ್ಲಿ ಮಾತಾಡದ ಪಾತ್ರ. ದೋಷ ನ್ಯಾಯಮೂರ್ತಿಗಳದಲ್ಲ, ದಾವೆ ಹೂಡಿದ್ದು ಕಂಪನಿ. ದೋಷ ನಮ್ಮ ಕಾನೂನಿನ ಪಕ್ಷಪಾತದ್ದು. ಬಣ್ಣ, ಚಿತ್ರಗಳನ್ನು ಅದು ಇಷ್ಟು ಜೋಪಾನ ಮಾಡುತ್ತದೆ. ಒಳಗೇನಿದೆ, ಎಂದಿನವರೆಗೆ ತಿನ್ನಬಹುದು ಎಂಬುದು ಮಾತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತವೆ 2020ರ ಆಹಾರ ಲೇಬಲ್ ನಿಯಮಗಳು. ಕನ್ನಡ, ಉರ್ದು ಬೇಕಿದ್ದರೆ ಸೇರಿಸಬಹುದು, ಅಷ್ಟೇ.

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ವಸ್ತುವಿನ ಆಕಾರ, ಪೊಟ್ಟಣ, ಬಣ್ಣಗಳ ಜೋಡಣೆಯನ್ನೂ ಗುರುತೆಂದು ಒಪ್ಪಿದೆ. ವಸ್ತುವಿನ ಸ್ವಭಾವದಿಂದಲೇ ಬರುವ ಆಕಾರವನ್ನು ನೋಂದಾಯಿಸಬಾರದೆಂಬ ಬೇಲಿಯನ್ನೂ ಹಾಕಿದೆ. ಆ ಬೇಲಿ ಗಟ್ಟಿಯಾಗಿರಬೇಕು. ಇಲ್ಲವಾದರೆ ನಾಳೆ ಸಣ್ಣ ಬೇಕರಿಯವನು ದುಂಡಗಿನ ಬಿಸ್ಕತ್ತು ಸುಡಲೂ ವಕೀಲರನ್ನು ಕೇಳಬೇಕಾದೀತು.

ನಕಲು ನಿಲ್ಲಲಿ, ಅದು ಸರಿ. ಜೊತೆಗೇ, ಆ ತಾಯಿ ಅಕ್ಷರ ಕಲಿತ ದಿನ ಪುಡಾದ ಮೇಲೆ ಓದಿಕೊಳ್ಳಲು ಅವಳ ಭಾಷೆಯ ನಾಲ್ಕು ಸಾಲು ಇರಲಿ ಎಂದು ಕೇಳುವುದೂ ನ್ಯಾಯವೇ.