ಆಶು ಹಚ್ಚಿದ ದೀಪ

ಸಿದ್ದಾಪುರದ ಕಡೆಯ ನಮ್ಮ ನೆರೆಮನೆಗೆ ಉತ್ತರ ಭಾರತದಿಂದ ಸೊಸೆ ಬಂದು ಮೂರು ವರ್ಷವಾಯಿತು. ಶಿರಸಿ, ಯಲ್ಲಾಪುರದ ತೋಟದ ಮನೆಗಳಲ್ಲೂ ಈಗ ಇದು ಹೊಸ ಸುದ್ದಿಯಲ್ಲ. ತಂಬುಳಿ, ಮಡಿ, ಹವಿಗನ್ನಡ, 'ಎಲ್ಲಾ ಕಲ್ತ್ಕಂಜು' ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಾರೆ. ಅವಳಿಂದ ಮನೆಯವರು ಏನು ಕಲಿತರು ಎಂದು ಯಾರೂ ಕೇಳಿದ್ದಿಲ್ಲ. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' (1992) ಪುಸ್ತಕವನ್ನು ಈ ಮಳೆಗಾಲ ಮತ್ತೆ ಓದುವಾಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಸುಮಾರು 17 ವರ್ಷ ನಮ್ಮ ಕರಾವಳಿಯಲ್ಲಿದ್ದ. ಮಂಗಳೂರಿನಿಂದ ಏಡನ್‌ಗೆ ಅವನು ಕಳಿಸುತ್ತಿದ್ದದ್ದು ಅಡಿಕೆ, ಮೆಣಸು. ನಾವು ಇಂದಿಗೂ ಬದುಕುತ್ತಿರುವುದು ಅವೆರಡನ್ನೇ ನಂಬಿ. ದೇವರ ಹೆಸರಿರುವ ಕಾಗದವನ್ನು ಹರಿದೆಸೆಯಬಾರದು ಎಂಬ ಯಹೂದಿ ಪದ್ಧತಿಯಿಂದಾಗಿ ಅವನ ಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗಿನ ಕೋಣೆಯಲ್ಲಿ ಉಳಿದವು. ಅಲ್ಲಿ ಸಿಕ್ಕ ಒಬ್ಬ ಗುಲಾಮನ ಹೆಸರಿನ ಬೆನ್ನು ಹತ್ತಿ ಘೋಷ್ ಮಂಗಳೂರಿಗೆ ಬಂದರು. ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ ಆ ಹೆಸರು 'ಬೊಮ್ಮ' ಎಂದು ಓದಿಸಿಕೊಂಡಿತು. ಪುಸ್ತಕದ ಅತ್ಯುತ್ತಮ ಪುಟಗಳು ಇವು.

ಕನ್ನಡದ ಓದುಗರಿಗೆ ತೊಡಕಾಗುವುದು ಅದರ ನಂತರ. ಬೊಮ್ಮನಿಗೂ ಒಡೆಯನಿಗೂ ಇದ್ದ ನಂಟನ್ನು ಅರ್ಥಮಾಡಿಕೊಳ್ಳಲು ಘೋಷ್ ವಚನಕಾರರ ದಾಸ್ಯಭಾವವನ್ನು ನೆನೆಯುತ್ತಾರೆ. ಆದರೆ ಶರಣ ತಾನಾಗಿ ಆರಿಸಿಕೊಂಡ ದಾಸ್ಯವೇ ಬೇರೆ, ಕೊಂಡುತಂದವನ ದಾಸ್ಯವೇ ಬೇರೆ. ಶರಣನ ದಾಸ್ಯ ಶಿವನಿಗೆ ಸಲ್ಲುವಂಥದ್ದು; ಬೊಮ್ಮನ ದಾಸ್ಯ ವ್ಯಾಪಾರಿಯೊಬ್ಬನಿಗೆ. ಇಲ್ಲಿ ಲೇಖಕರ ಪ್ರೀತಿ ಅವರ ವಿವೇಚನೆಯನ್ನು ಮೀರಿಬಿಟ್ಟಿದೆ.

ಆಶುವಿನ ವಿಷಯದಲ್ಲೂ ಹೀಗೇ ಆಗಿದೆ. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಈ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳಿಗೆ ಬೆರಾಖಾ, ಅಂದರೆ 'ಆಶೀರ್ವಾದ', ಎಂಬ ಹೆಸರು ಬಂತು. ಪ್ರೇಮವಲ್ಲದೆ ಇದಕ್ಕೆ ಬೇರೆ ಕಾರಣ ಕಾಣದು ಎಂಬಂತೆ ಘೋಷ್ ಬರೆಯುತ್ತಾರೆ. ಪ್ರೇಮ ಇದ್ದಿರಲೂಬಹುದು. ಆದರೆ ಯಹೂದಿ ಧರ್ಮಶಾಸ್ತ್ರದ ಪ್ರಕಾರ ಮಕ್ಕಳ ಯಹೂದಿತನ ತಾಯಿಯಿಂದ ಬರುತ್ತದೆ. ದಾಸಿಯ ಮಕ್ಕಳು ದಾಸರೇ. ಬಿಡುಗಡೆಯಾದವಳ ಮಕ್ಕಳು ಸಮುದಾಯದವರು. ಅಂದರೆ ಆ ಮನೆತನದ ಮುಂದುವರಿಕೆ ನಿಂತಿದ್ದದ್ದು ನಮ್ಮ ನೆಲದ ಈ ಹೆಣ್ಣಿನ ಮೇಲೆ. ಶುಕ್ರವಾರ ಸಂಜೆ ಸಬ್ಬತ್ತಿನ ದೀಪ ಹಚ್ಚುವುದು ಮನೆಯ ಹೆಂಗಸಿನ ಹೊಣೆ. ಆಶು ಅದನ್ನು ಹಚ್ಚಿದ್ದರೆ, ಯಾರಿಂದ ಕಲಿತಳು? ಹಚ್ಚುವಾಗ ತವರಿನ ಯಾವ ದೀಪ ನೆನಪಾಯಿತು? ಬೊಮ್ಮನ ಹೆಸರಿಗಾಗಿ ಊರೂರು ಅಲೆದ ಪುಸ್ತಕ ಈ ಪ್ರಶ್ನೆಗಳ ಹತ್ತಿರವೂ ಸುಳಿಯುವುದಿಲ್ಲ.

1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್‌ಗೆ ಮರಳಿದ. ಮಗಳು ಸಿತ್ತ್ ಅಲ್-ದಾರ್‌ಳನ್ನು ಏಡನ್ನಿನ ಸಿರಿವಂತನೊಬ್ಬ ತನ್ನ ಮಗನಿಗೆ ಕೇಳಿದಾಗ ತಂದೆ ಒಪ್ಪಲಿಲ್ಲ. ಹೊರಗಿನವರಿಗಿಂತ ಅಣ್ಣತಮ್ಮಂದಿರ ಮಕ್ಕಳು ಮೊದಲು ಎಂಬುದು ಅವನ ನಿಲುವು. 1156ರಲ್ಲಿ ಫುಸ್ತಾತ್‌ನಲ್ಲಿ ಅವಳ ಮದುವೆ ಸೋದರನ ಮಗನೊಂದಿಗೇ ಆಯಿತು. ಪರವೂರಲ್ಲಿ ಪರಜಾತಿಯ ಹೆಣ್ಣಿನ ಜೊತೆ ಮನೆ ಕಟ್ಟಿದವನೇ ಮಗಳ ಸರದಿ ಬಂದಾಗ ಕುಲದೊಳಗೆ ಮರಳಿದ. ಘೋಷ್ ಈ ಪತ್ರವನ್ನು ಮನಮಿಡಿಯುವಂತೆ ನಮ್ಮ ಮುಂದಿಡುತ್ತಾರೆ, ಒಳಗಿನ ವಿರೋಧವನ್ನು ಮಾತ್ರ ಕೆದಕುವುದಿಲ್ಲ.

ಇಷ್ಟಾದರೂ ಇದು ನಮ್ಮವರು ಓದಲೇಬೇಕಾದ ಪುಸ್ತಕ. 'ಸಂಪ್ರದಾಯ ಉಳಿಯಬೇಕು' ಎಂದು ಸಭೆಗಳಲ್ಲಿ ಹೇಳುವ ನಾವು, ಉಳಿಸುವ ಕೆಲಸವನ್ನು ಹೊರಗಿನಿಂದ ಬಂದ ಹುಡುಗಿಯರಿಗೆ ಒಪ್ಪಿಸಿದ್ದೇವೆ. ಕಳೆದ ತಿಂಗಳು ಅದೇ ನೆರೆಮನೆಗೆ ಹೋಗಿದ್ದೆ. ಮುಸ್ಸಂಜೆ ದೀಪ ಹಚ್ಚಿ ಬಂದ ಸೊಸೆ ತನ್ನ ಎರಡು ವರ್ಷದ ಮಗುವಿಗೆ ಮೆಲ್ಲಗೆ ತನ್ನೂರಿನ ಹಾಡು ಹೇಳುತ್ತಿದ್ದಳು. ಅತ್ತೆ ಬಂದದ್ದೇ ನಿಲ್ಲಿಸಿದಳು.