ಪ್ರೊಪೆಲ್ಲರ್ ಕಂಡರೆ ಮೂಗು ಮುರಿಯಬೇಡಿ

2020ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಬೀದರ್‌ಗೆ ವಿಮಾನ ಸಂಚಾರ ಶುರುವಾದಾಗ ಬಂದಿಳಿದದ್ದು ಟ್ರೂಜೆಟ್‌ನ ಎಟಿಆರ್ 72. ಕಂಪನಿಯ ಹೆಸರಿನಲ್ಲಷ್ಟೇ ಜೆಟ್, ರೆಕ್ಕೆಯಲ್ಲಿದ್ದದ್ದು ಪ್ರೊಪೆಲ್ಲರ್. ಟ್ರೂಜೆಟ್ ಹಾರಾಟ ನಿಲ್ಲಿಸಿದ ಮೇಲೆ ಅದೇ ಮಾರ್ಗಕ್ಕೆ ಸ್ಟಾರ್ ಏರ್‌ನ ಎಂಬ್ರೇಯರ್ ಬಂತು. ಇದು ಅಪ್ಪಟ ಜೆಟ್. ಇಂಥ ಬದಲಾವಣೆಯಾದಾಗಲೆಲ್ಲ ಊರಿಗೆ ಬಡ್ತಿ ಸಿಕ್ಕಿತೆಂದು ಜನ ಹಿಗ್ಗುತ್ತಾರೆ. ಪ್ರೊಪೆಲ್ಲರ್ ಎಂದರೆ ಅಜ್ಜನ ಕಾಲದ್ದು ಎಂಬ ಈ ಎಣಿಕೆಯ ಮೇಲೆಯೇ ನನ್ನ ತಕರಾರು.

ಎಟಿಆರ್‌ನ ಪ್ರೊಪೆಲ್ಲರ್ ತಿರುಗಿಸುವುದೂ ಗ್ಯಾಸ್ ಟರ್ಬೈನೇ. ಜೆಟ್ ಕಡಿಮೆ ಗಾಳಿಯನ್ನು ರಭಸದಿಂದ ಹಿಂದಕ್ಕೆ ಎಸೆದರೆ, ಸುಮಾರು ನಾಲ್ಕು ಮೀಟರ್ ಅಗಲದ ಪ್ರೊಪೆಲ್ಲರ್ ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ. ಕಡಿಮೆ ವೇಗದಲ್ಲಿ ಹೀಗೆ ತಳ್ಳುವುದಕ್ಕೇ ಇಂಧನ ಕಡಿಮೆ ಸಾಕು. ಜೆಟ್ ಮಿತವ್ಯಯಿ ಆಗುವುದು ಮೂವತ್ತೈದು ಸಾವಿರ ಅಡಿಯ ತೆಳುಗಾಳಿಯಲ್ಲಿ. ಬೆಂಗಳೂರು–ಹುಬ್ಬಳ್ಳಿ ನಡುವೆ ಗಗನಮಾರ್ಗ ಸುಮಾರು 370 ಕಿ.ಮೀ. ಅಷ್ಟರೊಳಗೆ ಜೆಟ್ ಮೇಲೇರಿ ನೆಟ್ಟಗಾಗುವುದರಲ್ಲಿ ಇಳಿಯುವ ಹೊತ್ತು. ಎಟಿಆರ್‌ನ ವೇಗ ಗಂಟೆಗೆ 510 ಕಿ.ಮೀ., ಜೆಟ್‌ನದು 800ರ ಆಸುಪಾಸು. ಲೆಕ್ಕ ಹಾಕಿದರೆ ಉಳಿಯುವುದು ಹೆಚ್ಚೆಂದರೆ ಕಾಲು ಗಂಟೆ. ಭದ್ರತಾ ತಪಾಸಣೆಯ ಸರತಿ ಅದನ್ನು ನುಂಗಿಬಿಡುತ್ತದೆ.

ಅಮೆರಿಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1993ರಲ್ಲಿ ಸಿನ್ಸಿನಾಟಿಯ ಕೋಮ್‌ಏರ್ ಕೆನಡಾದ ಸಿಆರ್‌ಜೆ ಎಂಬ 50 ಆಸನದ ಜೆಟ್ ತಂದಿತು. ಮರುವರ್ಷ ಅಕ್ಟೋಬರ್ 31ರಂದು ಇಂಡಿಯಾನಾದ ರೋಸ್‌ಲಾನ್ ಬಳಿ ರೆಕ್ಕೆಗೆ ಹಿಮಗಟ್ಟಿ ಎಟಿಆರ್ 72 ಉರುಳಿ 68 ಜನ ಸತ್ತರು. ರೆಕ್ಕೆಯ ಹಿಮ ಕಳಚುವ ವ್ಯವಸ್ಥೆಯನ್ನು ಆಮೇಲೆ ಹಿಗ್ಗಿಸಿದರು, ಪ್ರಯಾಣಿಕರ ಅಳುಕು ಮಾತ್ರ ಕುಗ್ಗಲಿಲ್ಲ. ಇಂಧನವೂ ಅಗ್ಗವಿತ್ತು. ಕಂಪನಿಗಳು ಪುಟ್ಟ ಜೆಟ್‌ಗಳಿಗೆ ಮುಗಿಬಿದ್ದವು. 2008ರ ಜುಲೈಯಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದಾಗ 50 ಆಸನಗಳ ಲೆಕ್ಕ ತಲೆಕೆಳಗಾಯಿತು. ಸಿಆರ್‌ಜೆ ತಯಾರಿಕೆ 2021ರ ಹೊತ್ತಿಗೆ ನಿಂತುಹೋಯಿತು. ಎಟಿಆರ್ ಫ್ರಾನ್ಸಿನ ಟುಲೂಸ್‌ನಲ್ಲಿ ಇಂದಿಗೂ ತಯಾರಾಗುತ್ತಿದೆ.

ಹಾಗೆಂದು ಜೆಟ್ ಬೇಡವೆನ್ನಲಾರೆ. ಬೆಳಗಾವಿಯಿಂದ ಜೈಪುರಕ್ಕೆ 1,200 ಕಿ.ಮೀ. ದಾಟುತ್ತದೆ, ಅಲ್ಲಿ ಎಂಬ್ರೇಯರ್‌ನ ಏರುವೇಗ, ಎತ್ತರ ಎರಡಕ್ಕೂ ಬೆಲೆಯಿದೆ. ನಮ್ಮಲ್ಲಿ 80ಕ್ಕಿಂತ ಕಡಿಮೆ ಆಸನದ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕದ ವಿನಾಯಿತಿಯೂ ಉಂಟು. ಸ್ಟಾರ್ ಏರ್‌ನ ಎಂಬ್ರೇಯರ್ 175ರಲ್ಲಿರುವುದು 76 ಆಸನ! ಆದರೆ ಮೈಸೂರಿನ ರನ್‌ವೇ 1,740 ಮೀಟರ್ ಮಾತ್ರ. ಎಟಿಆರ್‌ಗೆ ಅಷ್ಟು ಧಾರಾಳ. ಶಿವಮೊಗ್ಗದ ರನ್‌ವೇ ಮೂರು ಕಿ.ಮೀ. ಮೀರಿದ್ದರೂ 2023ರ ಆಗಸ್ಟ್‌ನಲ್ಲಿ ಅಲ್ಲಿಗೆ ಬೆಂಗಳೂರಿನಿಂದ ಮೊದಲು ಬಂದದ್ದು ಇಂಡಿಗೊದ ಎಟಿಆರ್. ದೂರ ನೋಡಿ ವಿಮಾನ ಆರಿಸುವುದೆಂದರೆ ಇದೇ.

ಸವಾರಿಯ ರುಚಿಯೂ ಬೇರೆ ಬೇರೆ. 50 ಆಸನದ ಎಂಬ್ರೇಯರ್ 145ರಲ್ಲಿ ಎಡಗಡೆಯ ಒಂಟಿ ಸೀಟು ಹಿಡಿಯಿರಿ: ಕಿಟಕಿಯೂ ನಿಮ್ಮದೇ, ಪಕ್ಕದ ದಾರಿಯೂ ನಿಮ್ಮದೇ. ಎಟಿಆರ್‌ನಲ್ಲಿ ಹಿಂಬದಿ ಕೂತರೆ ಪ್ರೊಪೆಲ್ಲರ್ ಸದ್ದು ಕಡಿಮೆ. ಹತ್ತುವ ಬಾಗಿಲೂ ಅಲ್ಲೇ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ತೀರಾ ಎತ್ತರಕ್ಕೆ ಏರದ ಕಾರಣ ಕೆರೆ, ತೋಟ, ಘಟ್ಟ ಎಲ್ಲ ಗುರುತು ಸಿಗುತ್ತವೆ.

ನನ್ನ ತೀರ್ಪು ಇಷ್ಟೇ: ಐನೂರು ಕಿ.ಮೀ. ಒಳಗೆ ಪ್ರೊಪೆಲ್ಲರ್, ಅದರಾಚೆಗೆ ಜೆಟ್. ಮುಂದಿನ ಸಲ ಟಿಕೆಟ್ ಕೊಳ್ಳುವಾಗ ವಿಮಾನದ ಹೆಸರು ಎಟಿಆರ್ ಎಂದಿದ್ದರೆ ಕಿಟಕಿ ಸೀಟು ಕೇಳಿ ಪಡೆಯಿರಿ.