ಫ್ರೀಜರಿನ ಎದೆಹಾಲು ಮತ್ತು ಮಳೆಗಾಲದ ಕರೆಂಟು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಿಂದ ಬೆಳಿಗ್ಗೆ ಮಂಗಳೂರಿನ ಬಸ್ಸು ಹತ್ತುವ ಟೀಚರು, ನರ್ಸು, ಬ್ಯಾಂಕ್ ಉದ್ಯೋಗಿಗಳಲ್ಲಿ ಹಾಲು ಕುಡಿಯುವ ಮಗುವನ್ನು ಮನೆಯಲ್ಲಿ ಬಿಟ್ಟು ಬಂದವರೂ ಇರುತ್ತಾರೆ. ಎದೆಹಾಲು ಹಿಂಡಿಟ್ಟು ಹೋಗುವ ರೂಢಿ ಇವರಿಗೆ ದೊಡ್ಡ ಆಸರೆ. ಫ್ರಿಜ್ಜಿನಲ್ಲಿಟ್ಟದ್ದು ತಂಗಳು, ಮಗುವಿಗೆ ಶೀತವಾಗುತ್ತದೆ ಎಂದು ಹಿರಿಯರು ತಡೆಯುವುದುಂಟು. ಆ ಭಯಕ್ಕೆ ಆಧಾರವಿಲ್ಲ. ನನ್ನ ತಕರಾರು ಇರುವುದು ನಾವು ನಂಬಿಕೊಂಡಿರುವ ಪಟ್ಟಿಯ ಬಗ್ಗೆ.

ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳು. ಅಮೆರಿಕದ ಸಿಡಿಸಿ ಸಂಸ್ಥೆಯ ಈ ಸಲಹೆ ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ ಷರತ್ತುಗಳು ಉದುರಿಹೋಗುತ್ತವೆ: ಹೊರಗೆ ಎಂದರೆ 25 ಡಿಗ್ರಿಯೊಳಗೆ, ಫ್ರಿಜ್ ಎಂದರೆ 4 ಡಿಗ್ರಿ, ಫ್ರೀಜರ್ ಎಂದರೆ ಮೈನಸ್ 18. ಏಪ್ರಿಲಿನ ಮಧ್ಯಾಹ್ನ ನಮ್ಮ ಯಾವ ಅಡುಗೆಮನೆ 25 ಡಿಗ್ರಿಯಲ್ಲಿರುತ್ತದೆ? ಒಂಟಿ ಬಾಗಿಲಿನ ಫ್ರಿಜ್ಜಿನೊಳಗಿನ ಐಸಿನ ಗೂಡನ್ನೇ ನಾವು ಫ್ರೀಜರ್ ಎನ್ನುತ್ತೇವೆ. ಬಂಗುಡೆಯ ಪೊಟ್ಟಣವೂ ಅಲ್ಲೇ, ಮಕ್ಕಳ ಐಸ್‌ಕ್ಯಾಂಡಿಯೂ ಅಲ್ಲೇ. ಅಂಥ ಗೂಡನ್ನು 2 ವಾರಕ್ಕಿಂತ ಹೆಚ್ಚು ನೆಚ್ಚಬಾರದು.

ಆಮೇಲೆ ಮಳೆಗಾಲ. ತಂತಿಯ ಮೇಲೆ ಮರ ಬಿದ್ದರೆ ರಾತ್ರಿಯಿಡೀ ಕರೆಂಟಿಲ್ಲ. ಕರಗಿದ ಹಾಲನ್ನು ಮತ್ತೆ ಫ್ರೀಜ್ ಮಾಡಬಾರದು ಎನ್ನುತ್ತಾರೆ. ತಾನಾಗಿಯೇ ಕರಗಿ, ತಾನಾಗಿಯೇ ಗಟ್ಟಿಯಾದರೆ ತಿಳಿಯುವುದು ಹೇಗೆ? ಪುಟ್ಟ ಲೋಟದಲ್ಲಿ ನೀರು ಐಸಾಗಿಸಿ ಮೇಲೊಂದು ನಾಣ್ಯವಿಟ್ಟು ಹಾಲಿನ ಪಕ್ಕದಲ್ಲೇ ಇಡಬೇಕು. ನಾಣ್ಯ ತಳ ಸೇರಿದ್ದರೆ ಆ ಹಾಲು ಚೆಲ್ಲಬೇಕಾದದ್ದೇ. ಫ್ರೀಜರಿನ ತಂಪು ರೋಗಾಣುವಿನ ಬೆಳವಣಿಗೆಯನ್ನು ತಡೆಯುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಅದಕ್ಕೇ ಎದೆಹಾಲಿನ ಬ್ಯಾಂಕುಗಳಲ್ಲಿ ದಾನದ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಪರೀಕ್ಷೆ ಮಾಡಿಯೇ ಎಳೆ ಕೂಸುಗಳಿಗೆ ಕೊಡುವುದು.

ಫ್ರೀಜ್ ಮಾಡಿದ ಹಾಲಿನಲ್ಲಿ ಜೀವಕೋಶಗಳು ಸಾಯುತ್ತವೆ, ಸಿ ವಿಟಮಿನ್ ಇಳಿಯುತ್ತದೆ, ಕೆಲವು ತಾಯಂದಿರ ಹಾಲಿಗೆ ಸೋಪಿನ ವಾಸನೆ ಬಂದು ಮಗು ಬಾಯಿ ತಿರುಗಿಸುತ್ತದೆ. ಹಾಲು ಕೆಟ್ಟಿರುವುದಿಲ್ಲ, ಆದರೂ ಅಷ್ಟು ಕಷ್ಟಪಟ್ಟು ಹಿಂಡಿದ್ದು ಮೋರಿಗೆ ಹೋಗುತ್ತದೆ. ಹಾಗಾಗಿ ಇವತ್ತು ಹಿಂಡಿದ್ದನ್ನು ಫ್ರಿಜ್ಜಿನ ಒಳಮೂಲೆಯಲ್ಲಿಟ್ಟು ನಾಳೆ ಕೊಡುವ ಕ್ರಮವೇ ನಮ್ಮ ಮನೆಗಳಿಗೆ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಡಬ್ಬಿಗೆ 60 ಮಿಲಿ ಸಾಕು. ಬಿಸಿನೀರಿನ ಬಟ್ಟಲಲ್ಲಿಟ್ಟು ಹದಮಾಡಿ, ಅಜ್ಜಿಯ ಕೈಗೆ ಒಳಲೆ ಕೊಟ್ಟರೆ ಆಯಿತು, ಬಾಟಲಿ ಬೇಕೇಬೇಕೆಂದಿಲ್ಲ.

ಆದರೆ ಈ ಕ್ರಮ ನಡೆಯಬೇಕಾದರೆ ಕೆಲಸದ ಜಾಗದಲ್ಲಿ ಹಗಲು ಹೊತ್ತು ಹಾಲು ಹಿಂಡಬೇಕು. ಎದೆ ಬರಿದಾಗದಿದ್ದರೆ ಹಾಲೇ ಇಳಿದುಹೋಗುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕಾನೂನು ಕೊಟ್ಟ ಹಕ್ಕು. 50 ಜನರಿರುವಲ್ಲಿ ಶಿಶುಪಾಲನಾ ಕೇಂದ್ರವೂ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. ಗೇರುಬೀಜದ ಕಾರ್ಖಾನೆಯಲ್ಲಿ, ಖಾಸಗಿ ಶಾಲೆಯಲ್ಲಿ ಚಿಲಕ ಹಾಕಿಕೊಳ್ಳಲು ಒಂದು ಕೋಣೆ, ಒಂದು ಕುರ್ಚಿ ಸಿಕ್ಕರೂ ಸಾಕು. ಐಸ್‌ಪ್ಯಾಕ್ ಇಟ್ಟ ಚೀಲದಲ್ಲಿ ಹಾಲು ಸಂಜೆಯ ಬಸ್ಸಿನಲ್ಲಿ ಕೆಡದೆ ಮನೆ ಸೇರುತ್ತದೆ. ರಜೆ ಮುಗಿಯುವ ಮೊದಲೇ ನಿದ್ದೆಗೆಟ್ಟು ತಿಂಗಳುಗಟ್ಟಲೆಯ ಹಾಲು ಕೂಡಿಡುವ ಧಾವಂತ ಈ ಕೋಣೆ ಇಲ್ಲದ್ದರಿಂದಲೇ ಹುಟ್ಟಿದ್ದು.